ಪೆಟ್ಟಿಗೆ ಮುಂಚೆ ಬಂದ ಸದ್ದು

ಇವತ್ತು ಒಂದು ಹಾಡಿನಿಂದ ಶುರು ಮಾಡ್ತೀನಿ. 1987ರಲ್ಲಿ ಬಂದ ಸುಝಾನ್ ವೇಗಾ ಆಲ್ಬಮ್‌ನಲ್ಲಿ ವಾದ್ಯವೇ ಇಲ್ಲದ 'ಟಾಮ್ಸ್ ಡೈನರ್' ಇದೆ. ಜರ್ಮನಿಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬರ್ಗ್ ಎಂಪಿ3 ತಂತ್ರವನ್ನ ಈ ದನಿಯ ಮೇಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿ ತಿದ್ದಿದರು. 1990ರಲ್ಲಿ ಡಿಎನ್‌ಎ ಅನ್ನೋ ಇಂಗ್ಲೆಂಡಿನ ಜೋಡಿ ಅದೇ ಹಾಡಿಗೆ ಬೀಟ್ ಹಾಕಿ ಕ್ಲಬ್ಬುಗಳನ್ನ ಕುಣಿಸಿತು. ತಮಾಷೆ ನೋಡಿ, ಒಂಟಿ ದನಿಯಲ್ಲಿ ಹದಗೊಂಡ ಎಂಪಿ3 ಎಡವೋದು ಬೀಟಿನಲ್ಲೇ.

ಯಾಕಂದ್ರೆ ಅದು ಶಬ್ದವನ್ನು ತುಂಡು ತುಂಡು ಮಾಡಿ ಹಿಂಡುತ್ತೆ. ಉದ್ದದ ತುಂಡು 576 ಸ್ಯಾಂಪಲ್, ಅಂದ್ರೆ ಸುಮಾರು 13 ಮಿಲಿಸೆಕೆಂಡ್. ಹಿಂಡುವಾಗ ಹುಟ್ಟುವ ನಾಯ್ಸ್ ಇಡೀ ತುಂಡಿಗೆ ಹರಡುತ್ತೆ. ಶಬ್ದ ಒಂದೇ ಸಮ ಇದ್ರೆ ಅದು ಮುಚ್ಚಿಹೋಗುತ್ತೆ. ಆದರೆ ಟೆಕ್ನೋದ ಹೈ-ಹ್ಯಾಟ್ 'ಟಿಸ್' ಅನ್ನೋ ಮುಂಚೆ ಒಂದು ಕ್ಷಣ ಮೌನ ಇರುತ್ತಲ್ಲ, ಅಲ್ಲಿಗೂ ನುಗ್ಗುತ್ತೆ: ಪೆಟ್ಟಿಗೆ ಮುಂಚೆಯೇ ಪ್ರತಿಧ್ವನಿ! ಅಂಥ ಕಡೆ ತುಂಡನ್ನು ಚಿಕ್ಕದು ಮಾಡೋ ಉಪಾಯ ಇದೆ, ಅದಕ್ಕೆ ಹೆಚ್ಚು ಬಿಟ್ ಬೇಕು. ಸಿಡಿಯಲ್ಲಿ 1411 ಕೆಬಿಪಿಎಸ್, ನಮ್ಮ ಹಳೇ ಫೈಲುಗಳಲ್ಲಿ ಬರೀ 128. ಸಾಲದ್ದಕ್ಕೆ ಎಷ್ಟೋ ಎನ್‌ಕೋಡರ್‌ಗಳು 16 ಕಿಲೋಹರ್ಟ್ಸ್ ಮೇಲಿನದನ್ನ ಬಿಟ್ಟೇಬಿಡ್ತಿದ್ವು. ಕಿಕ್ ಡ್ರಮ್ ಹೇಗೋ ಬದುಕಿತು. ಹೈ-ಹ್ಯಾಟ್ ಮಾತ್ರ ಒದ್ದೆ ಬಟ್ಟೆ ಒದರಿದ ಹಾಗಾಯ್ತು.

ಕೋಡ್ ಬರೀತಾ ವರ್ಷಗಟ್ಟಲೆ ಕೇಳಿದ ನಾನು, ಹೈ-ಹ್ಯಾಟ್ ಅಂದ್ರೇನೇ ಹಾಗೆ ಅಂದ್ಕೊಂಡಿದ್ದೆ. ಸಿಡಿ ಕೇಳಿದ ದಿನ ಕಿವಿಗೆ ಚುಚ್ಚಿತು. ನಿಜ ಹೇಳ್ಲಾ? ಹಳೇ 128 ಫೈಲುಗಳನ್ನ ಇನ್ನೂ ಡಿಲೀಟ್ ಮಾಡಿಲ್ಲ.