ಸ್ವಾಮಿಯ ತಂದೆ ಬರೆದ ನಾಟಕಗಳು



ಕಿರುತೆರೆಗೆ ಹೋದ ಸಾಹಿತಿಯ ಲೇಖನಿ ಮೊಂಡಾಗುತ್ತದೆ ಎಂಬ ಮಾತನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಇತಿಹಾಸ ಬೋಧಿಸಿದವನಿಗೆ ಇಂತಹ ಮಾತನ್ನು ಇಸವಿಗಳ ಒರೆಗೆ ಹಚ್ಚಿ ನೋಡುವುದು ಅಭ್ಯಾಸ. ಗಿರೀಶ ಕಾರ್ನಾಡರ ಬದುಕು ಅದಕ್ಕೆ ತಕ್ಕ ಉದಾಹರಣೆ.

1938ರಲ್ಲಿ ಮಾಥೇರಾನದಲ್ಲಿ ಜನಿಸಿ, ಶಿರಸಿ ಹಾಗೂ ಧಾರವಾಡಗಳಲ್ಲಿ ಬೆಳೆದ ಕಾರ್ನಾಡರ ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. 1964ರಲ್ಲಿ ‘ತುಘಲಕ್’ ಬಂದಿತು. ಆಗ ಅವರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಉದ್ಯೋಗಿ. 1970ರಲ್ಲಿ ಆ ಕೆಲಸವನ್ನು ತೊರೆದರು. ಅದೇ ವರ್ಷ ತೆರೆಕಂಡ ‘ಸಂಸ್ಕಾರ’ ಚಿತ್ರದ ಪ್ರಾಣೇಶಾಚಾರ್ಯರ ಪಾತ್ರ ಅವರನ್ನು ನಟನೆಯ ಹಾದಿಗೆ ತಂದಿತು. ಕನ್ನಡದಲ್ಲಿ ನಾಟಕ ಬರೆದು ಸಂಸಾರ ಸಾಗಿಸುವುದು ದುಸ್ತರ. ನಟನೆಯ ಸಂಪಾದನೆಯೇ ತಮ್ಮ ಬರವಣಿಗೆಗೆ ಆಸರೆ ಎಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ.

ದೂರದರ್ಶನ ಅವರನ್ನು ಮನೆಮನೆಗೆ ತಲುಪಿಸಿತು. ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾರ್ನಾಡರು ಸ್ವಾಮಿಯ ಗಂಭೀರ ತಂದೆಯಾದರು. ಅದು 1986–87ರ ಕಾಲ. ನಾನು ವೃತ್ತಿಗೆ ಸೇರಿದ ಹೊಸತು. ಮಹಮ್ಮದ್ ಬಿನ್ ತುಘಲಕನ ಪಾಠದ ನಡುವೆ ನಾಟಕದ ಪ್ರಸ್ತಾಪ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಸ್ವಾಮಿ ಅಪ್ಪ ನಾಟಕಾನೂ ಬರೀತಾರಾ?” ಎಂದ. ತರಗತಿ ನಕ್ಕಿತು. ಮರುದಿನ ಗ್ರಂಥಾಲಯದ ‘ತುಘಲಕ್’ ಪ್ರತಿ ಆ ಹುಡುಗನ ಕೈಸೇರಿತ್ತು. ಪರದೆಯ ಮೇಲಿನ ಮುಖವೇ ಅವನನ್ನು ಪುಸ್ತಕದವರೆಗೆ ಕರೆತಂದಿತ್ತು.

ಇನ್ನು ಇಸವಿಗಳನ್ನು ನೋಡೋಣ. ‘ಮಾಲ್ಗುಡಿ ಡೇಸ್’ ಬೆನ್ನಲ್ಲೇ 1988ರಲ್ಲಿ ‘ನಾಗಮಂಡಲ’. 1989ರಲ್ಲಿ ‘ಇಂದ್ರಧನುಷ್’ ಧಾರಾವಾಹಿಯಲ್ಲಿ ನಟನೆ. 1990ರಲ್ಲಿ ಬಸವಣ್ಣನವರ ಕಾಲದ ಕಲ್ಯಾಣವನ್ನು ಕುರಿತ ‘ತಲೆದಂಡ’. 1990ರ ದಶಕದ ಆರಂಭದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಣೆ. ಆ ದಶಕದಲ್ಲೇ ‘ಅಗ್ನಿ ಮತ್ತು ಮಳೆ’, 1998ರ ಜ್ಞಾನಪೀಠ ಪ್ರಶಸ್ತಿ. ಲೇಖನಿ ಮೊಂಡಾದದ್ದು ಯಾವಾಗ?

ಕಿರುತೆರೆಯ ಒಳಗುಟ್ಟನ್ನೂ ಅವರು ನಾಟಕವಾಗಿಸಿದರು. 2005ರಲ್ಲಿ ರಂಗಕ್ಕೆ ಬಂದ ‘ಒಡಕಲು ಬಿಂಬ’ದಲ್ಲಿ ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿದ ಲೇಖಕಿಯನ್ನು ಪರದೆಯ ಮೇಲಿನ ಅವಳದೇ ಬಿಂಬ ಪ್ರಶ್ನಿಸತೊಡಗುತ್ತದೆ. ಅವಳಿಗೆ ಕೀರ್ತಿ ತಂದ ಕಾದಂಬರಿಯನ್ನು ನಿಜಕ್ಕೂ ಬರೆದವರು ಯಾರು ಎಂಬುದು ಹೊರಬೀಳುತ್ತದೆ. ಕ್ಯಾಮೆರಾದ ಮುಂದೆ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಹೊಳೆಯಬಹುದಾದ ವಸ್ತುವಿದು ಎಂದು ನನ್ನ ಅನಿಸಿಕೆ.

2011ರಲ್ಲಿ ‘ಆಡಾಡತ ಆಯುಷ್ಯ’ ಎಂಬ ಆತ್ಮಕಥೆಯನ್ನಿತ್ತ ಕಾರ್ನಾಡರು 2019ರ ಜೂನ್ 10ರಂದು ಬೆಂಗಳೂರಿನಲ್ಲಿ ನಿಧನರಾದರು. ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಚೆನ್ನಾಗಿ ಬರೆಯುತ್ತಿದ್ದಿರಿ, ಈಗ ಕೇಳಿದರೆ, “ಹೊಟ್ಟೆಪಾಡಿನ ಕೆಲಸದಲ್ಲಿ ಬಿಡುವೆಲ್ಲಿ ಮೇಷ್ಟ್ರೇ?” ಎನ್ನುತ್ತೀರಿ. ಮೇಲಿನ ಇಸವಿಗಳನ್ನು ನಿಮಗೋಸ್ಕರವೇ ಬರೆದಿದ್ದೇನೆ. ಇನ್ನೊಮ್ಮೆ ಓದಿ.