ತುಕ್ಕು ಹಿಡಿಯದ ಗೋಧಿಯ ಅನ್ವೇಷಣೆ

ಪ್ರಾಚೀನ ರೋಮನರು ಪ್ರತಿವರ್ಷವೂ ಏಪ್ರಿಲ್ 25ರಂದು ರೋಬಿಗಸ್ ಎಂಬ ದೇವತೆಗೆ ನಾಯಿಯನ್ನು ಬಲಿಕೊಡುತ್ತಿದ್ದರು. ಪೈರಿಗೆ ತುಕ್ಕು ಹಿಡಿಯದಿರಲಿ ಎಂಬುದೇ ಅವರ ಪ್ರಾರ್ಥನೆ. ನಾವು ಇದನ್ನು ಕೇಳಿ ನಗಬಹುದು. ಆದರೆ ತುಕ್ಕೆಂಬುದು ಗಾಳಿಯಲ್ಲಿ ತೇಲಿಬರುವ ಒಂದು ಬಗೆಯ ಬೂಷ್ಟೆಂದು ತಿಳಿದ ಮೇಲೆಯೂ ಮನುಷ್ಯನು ಬಹುಕಾಲ ಕೈಕಟ್ಟಿಯೇ ಕುಳಿತಿದ್ದನು.

1905ರಲ್ಲಿ ಕೇಂಬ್ರಿಡ್ಜಿನ ಬಿಫೆನ್ ಎಂಬ ವಿದ್ವಾಂಸರು ಒಂದು ದಾರಿಯನ್ನು ತೋರಿದರು. ಹಳದಿ ತುಕ್ಕಿಗೆ ಜಗ್ಗದ ಗೋಧಿಯನ್ನೂ ಅದಕ್ಕೆ ಸುಲಭವಾಗಿ ತುತ್ತಾಗುವ ಗೋಧಿಯನ್ನೂ ಅವರು ಸಂಕರಗೊಳಿಸಿದರು. ಎರಡನೆಯ ತಲೆಮಾರಿನಲ್ಲಿ ಸುಮಾರು ಮೂರು ಪಾಲು ರೋಗಕ್ಕೆ ಈಡಾಗಿ, ಒಂದು ಪಾಲು ಉಳಿಯಿತು. ರೋಗವನ್ನು ತಡೆಯುವ ಶಕ್ತಿಯೂ ಮೆಂಡೆಲನ ನಿಯಮದಂತೆ ವಂಶಾನುಗತವಾಗಿ ಬರತಕ್ಕದ್ದೆಂದು ಸಿದ್ಧವಾಯಿತು. ಹಾಗಾದರೆ ಉಳಿದುದನ್ನೇ ಆರಿಸಿ ಬಿತ್ತಿದರೆ ಸಾಕಲ್ಲವೆ? ಸಾಲದು.

ಸಾಲದೇಕೆಂಬುದನ್ನು ಅಮೆರಿಕದ ಮಿನೆಸೋಟದಲ್ಲಿ ಸ್ಟೇಕ್‌ಮನ್ನರು ಬಿಡಿಸಿ ತೋರಿಸಿದರು. ಗೋಧಿಯ ಕಾಂಡವನ್ನು ಹಿಡಿಯುವ ತುಕ್ಕು ಕಣ್ಣಿಗೆ ಒಂದೇ. ಆದರೆ ಅದರೊಳಗೆ ಹಲವು ಪಂಗಡಗಳುಂಟು. ಒಂದು ಪಂಗಡಕ್ಕೆ ಬಗ್ಗದ ತಳಿ ಮತ್ತೊಂದಕ್ಕೆ ಸುಲಭದ ಗ್ರಾಸ. ಇವುಗಳ ಗುರುತನ್ನು ಹಿಡಿಯಲು ಅವರು 12 ತಳಿಗಳನ್ನು ಆರಿಸಿಕೊಂಡರು. ಎಳೆಯ ಸಸಿಗಳಿಗೆ ತುಕ್ಕಿನ ಪುಡಿಯನ್ನು ಬೇಕೆಂದೇ ಹಚ್ಚುವುದು, ತೇವದಲ್ಲಿಡುವುದು, ಸುಮಾರು ಎರಡು ವಾರಗಳಾದ ಮೇಲೆ ಎಲೆಯ ಗುಳ್ಳೆಗಳನ್ನು ನೋಡಿ 0ಯಿಂದ 4ರವರೆಗೆ ಅಂಕ ಕೊಡುವುದು: ಇಷ್ಟೇ ಪರೀಕ್ಷೆ. ಶಾಲೆಯ ಪರೀಕ್ಷೆಗೆ ವಿರುದ್ಧವಾಗಿ ಇಲ್ಲಿ ಸೊನ್ನೆ ಬಂದವನೇ ಜಾಣ!

ಆ ಹನ್ನೆರಡರಲ್ಲಿ ಒಂದರ ಹೆಸರು ಖಪ್ಲಿ. ಹೌದು, ಬೆಳಗಾವಿ, ವಿಜಯಪುರದ ಕಡೆ ಹುಗ್ಗಿಗೆ ಬಳಸುವ, ಹೊಟ್ಟು ಬಿಡದ ನಮ್ಮ ಜವೆ ಗೋಧಿಯ ಬಳಗವೇ ಅದು.

ಪರೀಕ್ಷೆಯಲ್ಲಿ ಒಮ್ಮೆ ತೇರ್ಗಡೆಯಾದ ತಳಿಗೆ ಆ ಕೀರ್ತಿ ಶಾಶ್ವತವಲ್ಲ. 1953 ಮತ್ತು 1954ರಲ್ಲಿ 15ಬಿ ಎಂಬ ಪಂಗಡವು ಅಮೆರಿಕದ ಡ್ಯೂರಮ್ ಗೋಧಿಯ ಬಹುಭಾಗವನ್ನು ನುಂಗಿತು. ಮುಂದೆ ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್31 ಎಂಬ ವಂಶಗುಣವನ್ನೇ ಲೋಕವೆಲ್ಲ ನಂಬಿತು. ಒಂದೇ ಬೀಗವನ್ನು ಊರಿನ ಮನೆಗಳಿಗೆಲ್ಲ ಹಾಕಿದಂತಾಯಿತೆಂದು ನಮ್ಮ ಅಭಿಪ್ರಾಯ. 1998ರಲ್ಲಿ ಉಗಾಂಡದ ಹೊಲಗಳಲ್ಲಿ ಆ ಬೀಗವೂ ಮುರಿಯಿತು. ಅಲ್ಲಿಂದ ಹರಡಿದ ಯುಜಿ99 ಎಂಬ ಪಂಗಡದೆದುರು ನಾನಾ ದೇಶಗಳ ಸಾವಿರಾರು ತಳಿಗಳನ್ನು ಕೀನ್ಯಾದ ಎನ್‌ಜೋರೋ ಎಂಬಲ್ಲಿ ಬಿತ್ತಿ ಪರೀಕ್ಷಿಸಿದರು. ಬಹುಪಾಲು ತಳಿಗಳು ಸೋತವು.

ಖಪ್ಲಿಯಲ್ಲಿದ್ದ ಎಸ್‌ಆರ್13 ಎಂಬ ಗುಣವು ಯುಜಿ99ಕ್ಕೆ ಬಗ್ಗಲಿಲ್ಲ. ಆದರೆ ಇಥಿಯೋಪಿಯದಲ್ಲಿ ಅದರ ಒಂದು ರೂಪವನ್ನು ಭೇದಿಸುವ ಬೇರೊಂದು ಪಂಗಡವೂ ಕಂಡುಬಂದಿದೆ. ಆದಕಾರಣ ಡ್ಯೂರಮ್ ಗೋಧಿಗೆ ಅಲ್ಲಿಯ ಡೆಬ್ರೆಜೈತಿನಲ್ಲಿ ಪ್ರತ್ಯೇಕವಾದ ಪರೀಕ್ಷೆಯನ್ನೇ ಏರ್ಪಡಿಸಬೇಕಾಯಿತು.