ಫ್ರಾನ್ಸ್ ಮತ್ತು ಜರ್ಮನಿಯ ವಿದ್ಯುತ್ ಉತ್ಪಾದನಾ ಮೂಲಗಳು

ಫ್ರಾನ್ಸ್ ಮತ್ತು ಜರ್ಮನಿ ಯುರೋಪಿನ ನೆರೆಯ ರಾಷ್ಟ್ರಗಳು. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಎರಡೂ ದೇಶಗಳ ವಿದ್ಯುತ್ ಉತ್ಪಾದನೆಯು ಬಹುಮಟ್ಟಿಗೆ ಕಲ್ಲಿದ್ದಲು, ತೈಲ ಮುಂತಾದ ಪಳೆಯುಳಿಕೆ ಇಂಧನಗಳನ್ನು ಅವಲಂಬಿಸಿತ್ತು. ಮುಂದಿನ ಐವತ್ತು ವರ್ಷಗಳಲ್ಲಿ ಫ್ರಾನ್ಸ್ ಪರಮಾಣು ಶಕ್ತಿಯನ್ನೂ, ಜರ್ಮನಿ ಪವನ ಮತ್ತು ಸೌರಶಕ್ತಿಗಳನ್ನೂ ಮುಖ್ಯ ಆಧಾರವನ್ನಾಗಿ ಆರಿಸಿಕೊಂಡವು.

ಹಿನ್ನೆಲೆ

ಫ್ರಾನ್ಸಿನಲ್ಲಿ 1946ರಲ್ಲಿ ವಿದ್ಯುತ್ ಉದ್ಯಮವು ರಾಷ್ಟ್ರೀಕರಣಗೊಂಡಿತು. ಆಲ್ಪ್ಸ್ ಪರ್ವತಪ್ರದೇಶ ಹಾಗೂ ರೋನ್, ರೈನ್ ನದಿಗಳಲ್ಲಿ ಜಲವಿದ್ಯುತ್ ಕೇಂದ್ರಗಳು ಸ್ಥಾಪನೆಯಾದವು. 1960ರ ದಶಕದಲ್ಲಿ ಅಗ್ಗದ ಆಮದು ತೈಲದ ಬಳಕೆ ಹೆಚ್ಚಿತು. ಪಶ್ಚಿಮ ಜರ್ಮನಿಗೆ ರೂರ್ ಪ್ರದೇಶದ ಕಲ್ಲಿದ್ದಲು ಮತ್ತು ರೈನ್‌ಲ್ಯಾಂಡಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ಆಧಾರವಾಗಿದ್ದವು. ಪೂರ್ವ ಜರ್ಮನಿಯೂ ಮುಖ್ಯವಾಗಿ ಲಿಗ್ನೈಟನ್ನೇ ನಂಬಿತ್ತು.

ಫ್ರಾನ್ಸ್

ತೈಲದ ಬೆಲೆ ಏರಿದಾಗ, 1974ರ ಮಾರ್ಚ್‌ನಲ್ಲಿ ಪ್ರಧಾನಮಂತ್ರಿ ಪಿಯರ್ ಮೆಸ್ಮರ್ ಅವರ ಸರ್ಕಾರವು ವ್ಯಾಪಕವಾದ ಪರಮಾಣು ಯೋಜನೆಯನ್ನು ಪ್ರಕಟಿಸಿತು. ಒಂದೇ ಬಗೆಯ ವಿನ್ಯಾಸದ ರಿಯಾಕ್ಟರುಗಳನ್ನು ಸಾಲಾಗಿ ಕಟ್ಟಿದ್ದರಿಂದ ಕಾಮಗಾರಿ ಶೀಘ್ರವಾಗಿ ಸಾಗಿತು. ಶತಮಾನದ ಅಂತ್ಯದ ವೇಳೆಗೆ ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಪರಮಾಣು ಸ್ಥಾವರಗಳಿಂದ ದೊರೆಯತೊಡಗಿತು.

ಜರ್ಮನಿ

ಪಶ್ಚಿಮ ಜರ್ಮನಿಯೂ ಪರಮಾಣು ಸ್ಥಾವರಗಳನ್ನು ನಿರ್ಮಿಸಿತು. ಆದರೆ 1975ರಲ್ಲಿ ರೈನ್ ನದಿಯ ಸಮೀಪದ ವೀಲ್ ಎಂಬಲ್ಲಿ ದ್ರಾಕ್ಷಿ ಬೆಳೆಗಾರರೂ ಗ್ರಾಮಸ್ಥರೂ ಸ್ಥಾವರದ ನಿವೇಶನವನ್ನು ಆಕ್ರಮಿಸಿ ಪ್ರತಿಭಟಿಸಿದರು. ಕ್ರಮೇಣ ಆ ಯೋಜನೆಯನ್ನು ಕೈಬಿಡಲಾಯಿತು. ಅದೇ ನದಿಯ ಫ್ರೆಂಚ್ ದಡದ ಫೆಸೆನ್‌ಹೈಮ್ ಸ್ಥಾವರವು 1977ರಲ್ಲಿ ಕಾರ್ಯಾರಂಭ ಮಾಡಿ 2020ರವರೆಗೆ ನಡೆಯಿತು. 1986ರ ಚೆರ್ನೋಬಿಲ್ ದುರಂತವು ಜರ್ಮನಿಯ ಪರಮಾಣು ವಿರೋಧಿ ಚಳವಳಿಯನ್ನು ಬಲಪಡಿಸಿತು.

2000ದ ನವೀಕರಿಸಬಹುದಾದ ಇಂಧನ ಕಾಯಿದೆಯು ಪವನ, ಸೌರ ಮುಂತಾದ ಮೂಲಗಳ ವಿದ್ಯುತ್ತಿಗೆ ನಿಶ್ಚಿತ ದರವನ್ನು ಖಾತರಿಪಡಿಸಿತು. ಆಗ ಶೇಕಡಾ 6ರಷ್ಟಿದ್ದ ಈ ಮೂಲಗಳ ಪಾಲು 2023ರಲ್ಲಿ ವಿದ್ಯುತ್ ಬಳಕೆಯ ಅರ್ಧವನ್ನು ಮೀರಿತು. 2011ರ ಫುಕುಶಿಮಾ ದುರಂತದ ಬಳಿಕ 17 ರಿಯಾಕ್ಟರುಗಳಲ್ಲಿ 8ನ್ನು ಮುಚ್ಚಲಾಯಿತು. ಕೊನೆಯ ಮೂರು 2023ರ ಏಪ್ರಿಲ್ 15ರಂದು ಸ್ಥಗಿತಗೊಂಡವು.

ಹೋಲಿಕೆ

ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಫ್ರಾನ್ಸಿಗಿಂತ ಜರ್ಮನಿಯಲ್ಲಿ ಹಲವು ಪಟ್ಟು ಹೆಚ್ಚು. ಕಲ್ಲಿದ್ದಲಿನ ಬಳಕೆ ಅಲ್ಲಿ ಮುಂದುವರಿದಿರುವುದೇ ಇದಕ್ಕೆ ಪ್ರಧಾನ ಕಾರಣ. ಕಲ್ಲಿದ್ದಲಿಗಿಂತ ಮೊದಲು ಪರಮಾಣು ಸ್ಥಾವರಗಳನ್ನು ಮುಚ್ಚಿದ್ದು ತಪ್ಪೆಂದು ಟೀಕಾಕಾರರು ಹೇಳುತ್ತಾರೆ. ಅಪಘಾತದ ಅಪಾಯವನ್ನೂ ದೀರ್ಘಕಾಲ ಉಳಿಯುವ ವಿಕಿರಣಶೀಲ ತ್ಯಾಜ್ಯವನ್ನೂ ಸಮರ್ಥಕರು ಮುಂದಿಡುತ್ತಾರೆ.

2022ರಲ್ಲಿ ಎರಡೂ ವ್ಯವಸ್ಥೆಗಳ ದೌರ್ಬಲ್ಯಗಳು ಪ್ರಕಟವಾದವು. ಕೊಳವೆಗಳ ಸವೆತದಿಂದ ಹಲವು ರಿಯಾಕ್ಟರುಗಳು ನಿಂತು, ನಾಲ್ಕು ದಶಕಗಳ ಬಳಿಕ ಫ್ರಾನ್ಸ್ ರಫ್ತಿಗಿಂತ ಹೆಚ್ಚು ವಿದ್ಯುತ್ತನ್ನು ಆಮದು ಮಾಡಿಕೊಂಡಿತು. ರಷ್ಯಾದ ಅನಿಲ ಪೂರೈಕೆ ಕುಸಿದಾಗ ಜರ್ಮನಿಯು ಮೀಸಲಿನಲ್ಲಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಚಾಲನೆಗೊಳಿಸಿತು.

ಅದೇ ವರ್ಷ ಫ್ರಾನ್ಸ್ ಆರು ಹೊಸ ರಿಯಾಕ್ಟರುಗಳ ನಿರ್ಮಾಣವನ್ನು ಘೋಷಿಸಿತು. 2020ರ ಕಾಯಿದೆಯ ಪ್ರಕಾರ ಜರ್ಮನಿಯು 2038ರೊಳಗೆ ಕಲ್ಲಿದ್ದಲು ವಿದ್ಯುತ್ತನ್ನು ಸಂಪೂರ್ಣವಾಗಿ ನಿಲ್ಲಿಸಬೇಕಾಗಿದೆ.